ರೆಡಿಮೇಡ್ ಪ್ರಾಜೆಕ್ಟ್ ರಿಪೋರ್ಟ್ ಕೊಂಡರೆ ಸಾಲ ಗ್ಯಾರಂಟಿಯೇ?
‘ಪಿಎಂಇಜಿಪಿ ಸಾಲಕ್ಕೆ ರೆಡಿಮೇಡ್ ಪ್ರಾಜೆಕ್ಟ್ ರಿಪೋರ್ಟ್, ಲೋನ್ ಗ್ಯಾರಂಟಿ’ ಎಂಬಂಥ ಮೆಸೇಜ್ ನಿಮಗೂ ಬಂದಿರಬಹುದು. ನಾವು ಯೋಜನೆಯ ನಿಯಮ ನೋಡಿದೆವು. ಗ್ಯಾರಂಟಿ ಎನ್ನುವುದು ಸುಳ್ಳು. ಅರ್ಜಿಗೆ ಶುಲ್ಕವಿಲ್ಲ, ಸಾಲ ಕೊಡುವ ನಿರ್ಧಾರ ಬ್ಯಾಂಕಿನದು.

ರಿಪೋರ್ಟಿನ ಮೊದಲ ಪುಟದ ಸಾರಾಂಶವನ್ನಾದರೂ ನೀವೇ ಬರೆಯಿರಿ. ಮ್ಯಾನೇಜರ್ ಪ್ರಶ್ನೆ ಕೇಳುವುದು ನಿಮ್ಮನ್ನು, ಏಜೆಂಟನನ್ನಲ್ಲ!

ಹಳ್ಳಿಯ ಮಹಿಳೆಯೊಬ್ಬರು 4 ಲಕ್ಷ ರೂಪಾಯಿಯ ರೊಟ್ಟಿ ಘಟಕ ಹಾಕುತ್ತಾರೆ ಎಂದುಕೊಳ್ಳೋಣ. ಸ್ವಂತ ಹಣ ಶೇ. 5, ಅಂದರೆ 20 ಸಾವಿರ. ಸಬ್ಸಿಡಿ ಶೇ. 35, ಅಂದರೆ 1.40 ಲಕ್ಷ. ದಿನಕ್ಕೆಷ್ಟು ರೊಟ್ಟಿ, ಕೊಳ್ಳುವವರು ಯಾರು, ಒಂದಕ್ಕೆ ಉಳಿಯುವುದೆಷ್ಟು, ಕಂತು ಕಟ್ಟುವುದು ಹೇಗೆ? ಇಷ್ಟು ಒಂದೇ ಪುಟದಲ್ಲಿ ಬಂದರೆ ಸಾಕು.

ಮೊದಲ ಪುಟವಾದರೂ ಇದನ್ನು ಕೊನೆಗೆ ಬರೆಯಿರಿ. ಇಲ್ಲದಿದ್ದರೆ ಒಳಗಿನ ಲೆಕ್ಕಕ್ಕೂ ಇದಕ್ಕೂ ತಾಳೆಯಾಗುವುದಿಲ್ಲ.