ಹಳೇ ಕಾರಿನ ಬಣ್ಣ ಕೀಳುವ ಮುನ್ನ

ಮನೆಯ ಹಳೇ ಅಂಬಾಸಡರ್‌ಗೆ ಹೊಸ ಬಣ್ಣ ಹೊಡೆಸುವ ಆಸೆಯೇ? ಮೊದಲು ಹಳೇ ಬಣ್ಣ ಹೋಗಬೇಕು. ಒತ್ತಡದ ಗಾಳಿಯಲ್ಲಿ ಕಣಗಳನ್ನು ಚಿಮ್ಮಿಸಿ ಅದನ್ನು ಕೀಳುವುದೇ ಬ್ಲಾಸ್ಟಿಂಗ್. ಯಾವ ಕಣ ಎಂಬುದರಲ್ಲೇ ಇದೆ ಗುಟ್ಟು.

ದಪ್ಪನೆಯ ಚಾಸಿಗೆ ಗಾರ್ನೆಟ್‌ನಂಥ ಗಡಸು ಪುಡಿ ಸರಿ, ತುಕ್ಕೂ ಹೋಗುತ್ತದೆ. ಬಾನೆಟ್, ಬಾಗಿಲುಗಳ ತೆಳು ತಗಡು ಆ ಹೊಡೆತಕ್ಕೆ ಸೊಟ್ಟಗಾದೀತು. ಅಲ್ಲಿಗೆ ಮೆದುವಾದ ಅಡಿಗೆ ಸೋಡಾ ಲೇಸು. 1986ರ ಶತಮಾನೋತ್ಸವಕ್ಕಾಗಿ ನ್ಯೂಯಾರ್ಕಿನ ಲಿಬರ್ಟಿ ಪ್ರತಿಮೆಯ ಒಳಗಿನ ತಾಮ್ರಕ್ಕೆ ಅಂಟಿದ್ದ ಟಾರನ್ನು ಬಿಡಿಸಿದ್ದೂ ಸೋಡಾವೇ. ಆದರೆ ಸೋಡಾಕ್ಕೆ ತುಕ್ಕು ಜಗ್ಗದು. ಉಳಿದ ಪುಡಿಯನ್ನು ತೊಳೆಯದಿದ್ದರೆ ಹೊಸ ಬಣ್ಣ ಹಿಡಿಯದು.

ಅಗ್ಗವೆಂದು ಮರಳು ಮಾತ್ರ ಬೇಡ. ಅದರ ದೂಳು ಕೆಲಸಗಾರನ ಶ್ವಾಸಕೋಶ ಸೇರಿ ಸಿಲಿಕೋಸಿಸ್ ತರುತ್ತದೆ. ಅದನ್ನು ಗುಣಪಡಿಸುವ ಮದ್ದಿಲ್ಲ. ಕಾರಿನ ಅಂದಕ್ಕೆ ಒಬ್ಬರ ಉಸಿರು ತೆರಬೇಕೆ?