ಅಂಗಾಲಿನ ಕಸುಬು

ಶೇಂಗಾ ಕೀಳುವ, ಮೆಣಸಿನಕಾಯಿ ಬಿಡಿಸುವ ದಿನಗಳಲ್ಲಿ ಗದಗ ಜಿಲ್ಲೆಯ ಶಿರಹಟ್ಟಿ ಸೀಮೆಯ ಮನೆಗಳಲ್ಲಿ ರಾತ್ರಿ ಊಟವಾದ ಮೇಲೆ ಇನ್ನೊಂದು ಕೆಲಸ ಬಾಕಿ ಇರುತ್ತದೆ. ಕುಸುಬಿ ಎಣ್ಣೆಯನ್ನೋ ಔಡಲ ಎಣ್ಣೆಯನ್ನೋ ಬೆಚ್ಚಗೆ ಮಾಡಿ ಹಿರಿಯರ ಅಂಗಾಲಿಗೆ ತಿಕ್ಕುವುದು. ತಿಕ್ಕಿದ ಸೊಸೆಗಾಗಲಿ ಮೊಮ್ಮಗನಿಗಾಗಲಿ ಯಾರೂ ಕೂಲಿ ಕೊಟ್ಟಿಲ್ಲ. ಹೆಚ್ಚುಕಮ್ಮಿ ಅದೇ ಕೆಲಸ ಬೆಂಗಳೂರಿನಲ್ಲಿ ‘ಫುಟ್ ರಿಫ್ಲೆಕ್ಸಾಲಜಿ’ ಎಂಬ ಬೋರ್ಡು ಹಾಕಿಕೊಂಡು ಗಂಟೆ ಲೆಕ್ಕದಲ್ಲಿ ದುಡಿಯುತ್ತಿದೆ. ಹಾಗಾದರೆ ನಮ್ಮ ಹುಡುಗರು, ಹುಡುಗಿಯರು ಇದನ್ನೇ ಕಲಿತು ಬದುಕು ಕಟ್ಟಿಕೊಳ್ಳಬಹುದೇ? ಕಟ್ಟಿಕೊಳ್ಳಬಹುದು. ಆದರೆ ಏನನ್ನು ಮಾರುತ್ತಿದ್ದೇವೆ ಎಂಬುದು ಮೊದಲು ಗೊತ್ತಿರಬೇಕು.

ಪಾದಕ್ಕೆ ಎಣ್ಣೆ ಹಚ್ಚುವ ಪಾದಾಭ್ಯಂಗವನ್ನು ಚರಕ ಸಂಹಿತೆಯೇ ದಿನಚರಿಯಲ್ಲಿ ಸೇರಿಸಿದೆ. ರಿಫ್ಲೆಕ್ಸಾಲಜಿ ಅದರ ಮಗುವಲ್ಲ. ಅಮೆರಿಕದ ಕಿವಿ-ಮೂಗು-ಗಂಟಲು ವೈದ್ಯ ವಿಲಿಯಂ ಫಿಟ್ಸ್‌ಜೆರಾಲ್ಡ್ ಇಡೀ ದೇಹವನ್ನು ಉದ್ದುದ್ದ ಹತ್ತು ವಲಯಗಳಾಗಿ ಸೀಳಿ, ಒಂದು ಕಡೆ ಒತ್ತಿದರೆ ಅದೇ ವಲಯದ ಇನ್ನೊಂದು ಕಡೆ ನೋವು ತಗ್ಗುತ್ತದೆ ಎಂದ. ಅವನ ಪುಸ್ತಕ ಬಂದದ್ದು 1917ರಲ್ಲಿ. ಮುಂದೆ ಯೂನಿಸ್ ಇಂಗಮ್ ಎಂಬ ಮಹಿಳೆ ಈ ವಲಯಗಳನ್ನೆಲ್ಲ ಪಾದಕ್ಕೆ ಇಳಿಸಿದಳು: ಹೆಬ್ಬೆರಳಲ್ಲಿ ತಲೆ, ಪಾದದ ಒಳ ಅಂಚಿನಲ್ಲಿ ಬೆನ್ನುಮೂಳೆ, ನಡುವೆ ಜಠರ, ಹಿಮ್ಮಡಿಯ ಕಡೆಗೆ ಸೊಂಟ. 1938ರಲ್ಲಿ ಅವಳೂ ಪುಸ್ತಕ ಬರೆದಳು. ಇವತ್ತು ಚಿಕಿತ್ಸಾ ಕೊಠಡಿಗಳ ಗೋಡೆಗೆ ತೂಗುಬಿದ್ದಿರುವ ಬಣ್ಣದ ನಕ್ಷೆಗಳ ಮೂಲ ಅಲ್ಲಿದೆ.

ಆ ನಕ್ಷೆ ನಿಜವೇ? ಅದುವರೆಗಿನ ಪ್ರಯೋಗಗಳನ್ನು ಜಾಲಾಡಿ 2011ರಲ್ಲಿ ಪ್ರಕಟವಾದ ಎಡ್ಜರ್ಡ್ ಅರ್ನ್‌ಸ್ಟ್ ಮತ್ತು ಸಂಗಡಿಗರ ವಿಮರ್ಶೆ, ಯಾವುದೇ ಕಾಯಿಲೆಗೆ ಇದು ಮದ್ದು ಎನ್ನಲು ಮನವೊಪ್ಪುವ ಪುರಾವೆ ಇಲ್ಲ ಎಂದಿತು. ಪಾದ ಒತ್ತಿದರೆ ಮೈ ಹಗುರಾಗುತ್ತದೆ, ಕಣ್ಣು ಎಳೆಯುತ್ತದೆ. ಅದಕ್ಕೆ ಸಾಕ್ಷಿ ನಮ್ಮ ಅಜ್ಜಂದಿರೇ. ನನ್ನ ಮಟ್ಟಿಗೆ ಈ ಕಸುಬಿನ ಮರ್ಯಾದೆ ಇರುವುದು ಇಲ್ಲಿಯೇ. ‘ಆಯಾಸ ಇಳಿಸುತ್ತೇನೆ’ ಎನ್ನುವವನ ಹತ್ತಿರ ಕಾಲು ಚಾಚಬಹುದು, ‘ಕಿಡ್ನಿ ಸರಿಮಾಡುತ್ತೇನೆ’ ಎನ್ನುವವನ ಹತ್ತಿರ ಬೇಡ.

ಬಲ್ಲವರು ಎಣ್ಣೆಗೆ ಕೈ ಹಾಕುವ ಮುನ್ನ ಪಾದ ನೋಡುತ್ತಾರೆ. ಬೆರಳ ಸಂದಿ ಬಿಡಿಸಿ, ಹಿಮ್ಮಡಿ ಒಡಕಿನಲ್ಲಿ ಕೀವು ಇದೆಯೇ, ಒಂದು ಮೀನಖಂಡ ಇನ್ನೊಂದಕ್ಕಿಂತ ಊದಿ ಬಿಸಿಯಾಗಿದೆಯೇ ಎಂದು ಪರೀಕ್ಷಿಸುತ್ತಾರೆ. ಹಾಗೆ ಊದಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು, ಒತ್ತುವುದೇ ಅಪಾಯ. ಸಕ್ಕರೆ ಕಾಯಿಲೆಯವರ ವಿಷಯವಂತೂ ಇನ್ನೂ ಸೂಕ್ಷ್ಮ. ಎಷ್ಟೋ ಮಂದಿಗೆ ಅಂಗಾಲಿನ ಅರಿವೇ ಸತ್ತಿರುತ್ತದೆ. ಮುಳ್ಳು ಮುರಿದು ಒಳಗೇ ಉಳಿದಿದ್ದರೂ ತಿಳಿಯುವುದಿಲ್ಲ. ಚಪ್ಪಲಿ ಇಲ್ಲದೆ ಹೊಲಕ್ಕಿಳಿಯುವವರ ಊರಲ್ಲಿ ಇಂಥ ಗಾಯ ಕಂಡ ಕೂಡಲೇ ‘ದವಾಖಾನಿಗೆ ಹೋಗ್ರಿ’ ಎಂದು ಎಬ್ಬಿಸಿ ಕಳಿಸುವವನೇ ಪಕ್ಕಾ ಕೆಲಸಗಾರ. ಆ ದಿನದ ಫೀಸು ಹೋದರೂ ಒಂದು ಕಾಲು ಉಳಿದೀತು.

ನಂತರ ಹೆಬ್ಬೆರಳ ಕೆಲಸ. ಮೊದಲ ಗಿಣ್ಣನ್ನು ಮಡಚಿ, ನೆಟ್ಟಗೆ ಮಾಡಿ, ಮತ್ತೆ ಮಡಚಿ, ಕಂಬಳಿಹುಳ ಹರಿದಂತೆ ಕೂದಲೆಳೆಯಷ್ಟು ಮುಂದೆ ಸಾಗಬೇಕು. ಎಣ್ಣೆಯಾದರೆ ಬೆರಳು ಜಾರುತ್ತದೆಂದು ಹಲವರು ಪೌಡರನ್ನೇ ಬಳಸುತ್ತಾರೆ. ಉಗುರು ತಾಗಕೂಡದು, ಭಾರ ಭುಜದಿಂದ ಬರಬೇಕು. ಬರೀ ಬೆರಳ ಬಲದಿಂದ ಒತ್ತಿದವರ ಹೆಬ್ಬೆರಳ ಕೀಲು ಬೇಗ ಸೋಲುತ್ತದೆ. ಕೀಲು ಹೋದರೆ ಅನ್ನವೂ ಹೋಯಿತು.

ಕಲಿಯುವುದೆಲ್ಲಿ? ರಿಫ್ಲೆಕ್ಸಾಲಜಿಗೆಂದೇ ನಮ್ಮಲ್ಲಿ ಪ್ರತ್ಯೇಕ ನೋಂದಣಿ ಇಲ್ಲ. ಹೀಗಾಗಿ ವಾರಾಂತ್ಯದ ಸರ್ಟಿಫಿಕೇಟಿಗೆ ಚೌಕಟ್ಟು ಹಾಕಿಸಿ ‘ಡಾಕ್ಟರ್’ ಆಗುವವರಿಗೆ ಬರವಿಲ್ಲ. ನೇರ ದಾರಿ ಬೇಕೆಂದರೆ ಪಿಯುಸಿ ವಿಜ್ಞಾನ ಓದಿ, ಸಿಇಟಿ ಬರೆದು, ಪ್ರಕೃತಿ ಚಿಕಿತ್ಸೆ ಹಾಗೂ ಯೋಗದ ಪದವಿಯಾದ ಬಿಎನ್‌ವೈಎಸ್ ಸೇರಬೇಕು. ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ಧರ್ಮಸ್ಥಳದವರು 1989ರಲ್ಲಿ ಉಜಿರೆಯಲ್ಲಿ ತೆರೆದ ಪ್ರಕೃತಿ ಚಿಕಿತ್ಸಾ ಕಾಲೇಜು ಈ ಪದವಿಯ ಹಿರಿಯ ವಿಳಾಸ. ಅಷ್ಟು ಓದಿದವರು ರಾಜ್ಯದ 1961ರ ಕಾಯ್ದೆಯಡಿ ಪ್ರಕೃತಿ ಚಿಕಿತ್ಸಕರಾಗಿ ನೋಂದಾಯಿಸಿಕೊಳ್ಳಬಹುದು. ಅಷ್ಟು ವರ್ಷ, ಅಷ್ಟು ಹಣ ಇಲ್ಲದವರು ಆಯುರ್ವೇದದ ಪಂಚಕರ್ಮ ಸಹಾಯಕರಾಗಿ ಶುರುಮಾಡಬಹುದು. ಗದಗದಲ್ಲೇ ಡಿ.ಜಿ. ಮೇಲ್ಮಾಳಗಿ ಆಯುರ್ವೇದ ಕಾಲೇಜಿದೆ. ಕೈ ಪಳಗುವುದು ಇಂಥ ಕಾಲೇಜುಗಳ ಆಸ್ಪತ್ರೆಯ ಎಣ್ಣೆ ಮೇಜಿನ ಪಕ್ಕದಲ್ಲಿ.

ನಮ್ಮ ಜಿಲ್ಲೆಯ ಕಪ್ಪತಗುಡ್ಡದ ಬೇರು-ನಾರಿನಿಂದ ನಮ್ಮದೇ ತೈಲ ಕಾಯಿಸಿ ಮಾರೋಣ ಎಂಬ ಆಸೆ ಹುಟ್ಟುವುದು ಸಹಜ. ಆದರೆ 2019ರಿಂದ ಗುಡ್ಡ ವನ್ಯಜೀವಿಧಾಮ; ಬೇಕಾದ ಗಿಡವನ್ನು ಹೊಲದ ಬದುವಿನಲ್ಲಿ ಬೆಳೆದುಕೊಳ್ಳುವುದೇ ಲೇಸು.

ಶಿರಹಟ್ಟಿ ಪೇಟೆಯಲ್ಲಿ ಪಾದವೊಂದನ್ನೇ ನೆಚ್ಚಿ ಅಂಗಡಿ ಇಟ್ಟರೆ ಬಾಡಿಗೆ ಹುಟ್ಟುವುದು ಕಷ್ಟ. ಜೊತೆಗೆ ಯೋಗ ತರಗತಿಯೋ ಬಾಣಂತಿಯರ ಎಣ್ಣೆ-ನೀರೋ ಇರಬೇಕು, ಇಲ್ಲವೇ ಹುಬ್ಬಳ್ಳಿ ಬಸ್ಸು ಹತ್ತಬೇಕು.

ಇದೇ ಜಿಲ್ಲೆಗೆ ಹೊಂದುವ ಇನ್ನೊಂದು ಸಾಧ್ಯತೆಯ ಬಗ್ಗೆ ಯಾಕೋ ಯಾರೂ ಮಾತಾಡುವುದಿಲ್ಲ. ಜಪಾನಿನಲ್ಲಿ ಅಂಧನಾಗಿದ್ದ ಸುಗಿಯಾಮಾ ವಾಯಿಚಿ 17ನೇ ಶತಮಾನದಲ್ಲೇ ಅಂಧರಿಗೆ ಸೂಜಿ ಚಿಕಿತ್ಸೆ, ಅಂಗಮರ್ದನ ಕಲಿಸುವ ಶಾಲೆ ಕಟ್ಟಿದ. ಆ ದೇಶದಲ್ಲಿ ಇವತ್ತು ಮರ್ದನಕ್ಕೆ ಮೂರು ವರ್ಷದ ಓದು, ರಾಷ್ಟ್ರಮಟ್ಟದ ಪರೀಕ್ಷೆ, ಲೈಸೆನ್ಸು. ಇತ್ತ ನಮ್ಮಲ್ಲಿ ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಗದಗದ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳ ಬೆರಳಿಗೆ ಹಾರ್ಮೋನಿಯಂ, ತಬಲಾ ಕೊಟ್ಟು ತಲೆಮಾರುಗಳಿಗೆ ಅನ್ನದ ದಾರಿ ತೋರಿಸಿದರು. ಸಂಗೀತ ಒಲಿಯದ ಅಂಧ ಮಗುವಿಗೆ ಇದೇ ಜಿಲ್ಲೆಯಲ್ಲಿ ಮೂರು ವರ್ಷದ ಮರ್ದನ ಶಿಕ್ಷಣ ಕೊಡಲು ಕಟ್ಟಡ ದೊಡ್ಡದು ಬೇಕಿಲ್ಲ. ದೇಹರಚನೆ ಬಲ್ಲ ಒಬ್ಬ ಮೇಷ್ಟ್ರು, ನಾಲ್ಕು ಮೇಜು, ಆಸ್ಪತ್ರೆಯೊಂದರ ಒಡಂಬಡಿಕೆ ಇದ್ದರೆ ಶುರುಮಾಡಬಹುದು.