ಆಡಿನ ಹಾಲಿನ ಚೀಸು: ಪುಷ್ಟಿಯೂ ರುಚಿಯೂ

ಹೋಟೆಲಿನಲ್ಲಿ ದುಡಿಯುವವನು ಊರಿಗೆಲ್ಲ ಬಡಿಸಿ ತಾನು ಕಡೆಗೆ ಉಣ್ಣುತ್ತಾನೆ. ಗುಮಾಸ್ತನು ಬೆಳಗಿನ ಲೋಕಲ್ ಗಾಡಿ ತಪ್ಪೀತೆಂಬ ಅವಸರದಲ್ಲಿ ಒಂದು ಚಹಾ, ಒಂದು ಪಾವ್‌ನಲ್ಲಿ ಉಪಾಹಾರವನ್ನು ಮುಗಿಸುತ್ತಾನೆ. ಹೊಟ್ಟೆ ತುಂಬುವುದು ಬೇರೆ, ಮೈಗೆ ಪುಷ್ಟಿ ಬರುವುದು ಬೇರೆ. ಈ ವ್ಯತ್ಯಾಸವನ್ನು ಹೋಟೆಲು ನಡೆಸುತ್ತಿದ್ದ ಕಾಲದಲ್ಲಿ ನಾವೂ ಸರಿಯಾಗಿ ಅರಿತಿರಲಿಲ್ಲ. ಅರಿತದ್ದು ಒಂದು ತಪ್ಪಿನಿಂದ.

ಒಂದು ಮಳೆಗಾಲದಲ್ಲಿ ನಮ್ಮ ಹೋಟೆಲಿನ ಹುಡುಗನೊಬ್ಬನು ಡೆಂಗ್ಯೂ ಜ್ವರದಿಂದ ಮಲಗಿದನು. ಆಡಿನ ಹಾಲು ಕುಡಿದರೆ ರಕ್ತದ ಪ್ಲೇಟ್‌ಲೆಟ್ ಕಣಗಳು ಏರುತ್ತವೆಯೆಂದು ಯಾರೋ ಹೇಳಿದರು. ಜೊತೆಯ ಹುಡುಗರು ತಮ್ಮ ಸಂಬಳದಿಂದ ಹಣ ಕೂಡಿಸಿದರು, ನಾವೂ ಸೇರಿಸಿದೆವು. ಕೇಳಿದ ಬೆಲೆ ಕೊಟ್ಟು ಹಾಲು ತಂದು, ಕಾಯಿಸಿದರೆ ಗುಣ ಹೋಗುವುದೆಂಬ ಮಾತನ್ನು ನಂಬಿ, ಹಸಿಯಾಗಿಯೇ ಕುಡಿಸಿದ್ದಾಯಿತು. ಹೀಗೆ ಎರಡು ದಿನ ಕಳೆದ ಮೇಲೆ ಅವನನ್ನು ಆಸ್ಪತ್ರೆಗೆ ಒಯ್ದಾಗ ವೈದ್ಯರು ನಮ್ಮನ್ನು ಕೇಳಿದ್ದು ಒಂದೇ ಪ್ರಶ್ನೆ: “ಮೊದಲನೆಯ ದಿನವೇ ಏಕೆ ಕರೆತರಲಿಲ್ಲ?” ನಮ್ಮಲ್ಲಿ ಉತ್ತರವಿರಲಿಲ್ಲ. ದೈವಕೃಪೆಯಿಂದಲೂ ವೈದ್ಯರ ಆರೈಕೆಯಿಂದಲೂ ಹುಡುಗನು ಗುಣಮುಖನಾದನು.

ಆ ಹುಡುಗನೇ ಈಗ ಒಂದು ದೊಡ್ಡ ತಾರಾ ಹೋಟೆಲಿನ ಅಡುಗೆಮನೆಯಲ್ಲಿದ್ದಾನೆ. ಕೆಲವು ತಿಂಗಳ ಹಿಂದೆ ನಮ್ಮ ಕಾರ್ಯಾಲಯಕ್ಕೆ ಬಂದು, ಕಾಗದದಲ್ಲಿ ಸುತ್ತಿದ ಬಿಳಿಯ ತುಂಡೊಂದನ್ನು ಮೇಜಿನ ಮೇಲಿಟ್ಟು, “ಧಣಿಗಳೇ, ಆಡಿನ ಹಾಲಿನ ಚೀಸು. ಈ ಸಲ ಔಷಧಿಯೆಂದು ಅಲ್ಲ, ರುಚಿ ನೋಡಲಿಕ್ಕೆ” ಎಂದು ನಕ್ಕನು. ಈ ಲೇಖನಕ್ಕೆ ಅದೇ ಕಾರಣ.

ನಿಘಂಟುಗಳಲ್ಲಿ ಚೀಸಿಗೆ ‘ಗಿಣ್ಣು’ ಎಂಬ ಪದವುಂಟು. ಆದರೆ ನಮ್ಮ ಮನೆಗಳಲ್ಲಿ ಗಿಣ್ಣು ಎಂದರೆ ಹಸು ಈದ ಮೊದಲ ದಿನಗಳ ಹಾಲು, ಅದರಿಂದ ಮಾಡಿದ ಸಿಹಿ. ಗೊಂದಲವಾಗಬಾರದೆಂದು ಇಲ್ಲಿ ಚೀಸು ಎಂದೇ ಬರೆಯುತ್ತೇವೆ.

ಆಡಿನ ಹಾಲಿಗೂ ಮುಂಬಯಿಗೂ ಹಳೆಯ ನಂಟೊಂದುಂಟು. ಮಹಾತ್ಮಾ ಗಾಂಧಿಯವರು ಹಾಲನ್ನು ಬಿಡುವ ವ್ರತ ತೊಟ್ಟಿದ್ದರು. 1919ರ ಆರಂಭದಲ್ಲಿ ಅವರು ಬಹಳ ಕೃಶರಾಗಿದ್ದಾಗ, ಮುಂಬಯಿಯ ಡಾಕ್ಟರ್ ದಲಾಲರು ಹಾಲು ಕುಡಿಯದೆ ಮೈಗೆ ಬಲ ಬಾರದೆಂದರು. ವ್ರತ ತೊಡುವಾಗ ಮನಸ್ಸಿನಲ್ಲಿದ್ದದ್ದು ಹಸು, ಎಮ್ಮೆಗಳ ಹಾಲು ಮಾತ್ರವಲ್ಲವೇ, ಆಡಿನ ಹಾಲಿಗೆ ಅಡ್ಡಿಯೇನು ಎಂದು ಕಸ್ತೂರಬಾ ಕೇಳಿದರು. ಗಾಂಧೀಜಿ ಒಪ್ಪಿದರು. ಆದರೆ ವ್ರತದ ಅಕ್ಷರ ಉಳಿದರೂ ಅದರ ಆತ್ಮಕ್ಕೆ ಭಂಗ ಬಂತೆಂಬ ಕೊರಗು ಅವರನ್ನು ಬಿಡಲಿಲ್ಲವೆಂಬುದು ಅವರ ಆತ್ಮಕಥೆಯಿಂದ ತಿಳಿಯುತ್ತದೆ.

ಆಡಿನ ಹಾಲಿನ ಚೀಸಿಗೆ ಹೆಸರಾದ ನಾಡು ಫ್ರಾನ್ಸ್ ದೇಶದ ಲುವಾರ್ ನದಿಯ ಬಯಲು. ಅಲ್ಲಿ ಇದಕ್ಕೆ ‘ಶೆವ್ರ್’ ಎಂದು ಹೆಸರು. ಆಡು ಎಂದೇ ಆ ಪದದ ಅರ್ಥ. ಶಾವಿಞೋಲ್ ಎಂಬ ಹಳ್ಳಿಯ ಕ್ರೋತ್ತೆ ಚೀಸು ಪುಟ್ಟ ಬಿಲ್ಲೆಯಂತಿರುತ್ತದೆ. ಸಾಂತ್ ಮೋರ್ ಎಂಬುದು ಉದ್ದನೆಯ ಉರುಳೆ. ಮುರಿಯದಿರಲೆಂದು ಅದರ ನಡುವೆ ಹುಲ್ಲುಕಡ್ಡಿಯೊಂದನ್ನು ತೂರಿಸುತ್ತಾರೆ. ವಲಾಂಸೆ ಎಂಬುದು ತುದಿ ಕತ್ತರಿಸಿದ ಪಿರಮಿಡ್ಡಿನಂತಿದ್ದು ಮೇಲೆ ಬೂದಿ ಬಳಿದುಕೊಂಡಿರುತ್ತದೆ. ಈಜಿಪ್ಟಿನಲ್ಲಿ ಸೋತು ಬಂದ ನೆಪೋಲಿಯನ್ನನು ಪಿರಮಿಡ್ಡಿನ ಆಕಾರವನ್ನು ಕಂಡು ಸಿಟ್ಟಿನಿಂದ ಅದರ ತುದಿಯನ್ನು ಕತ್ತಿಯಿಂದ ಹಾರಿಸಿದನೆಂದು ಜನ ಕಥೆ ಹೇಳುತ್ತಾರೆ. ಕಥೆ ಹೇಗೂ ಇರಲಿ, ಊರಿನ ಹೆಸರನ್ನು ಇತರರು ಬಳಸದಂತೆ ಆ ಸರಕಾರವು ಕಾನೂನಿನ ರಕ್ಷಣೆ ಕೊಟ್ಟಿದೆ: ಶಾವಿಞೋಲಿಗೆ 1976ರಲ್ಲಿ, ಸಾಂತ್ ಮೋರಿಗೆ 1990ರಲ್ಲಿ, ವಲಾಂಸೆಗೆ 1998ರಲ್ಲಿ.

ಮಾಡುವ ಕ್ರಮ ಸರಳ. ಹಾಲಿಗೆ ಸ್ವಲ್ಪ ಹೆಪ್ಪು, ಹಾಲನ್ನು ಗಟ್ಟಿಗೊಳಿಸುವ ರೆನೆಟ್ ಎಂಬ ವಸ್ತುವಿನ ಕೆಲವೇ ಹನಿ ಸೇರಿಸಿ ಸುಮಾರು ಒಂದು ದಿನ ಬಿಡುತ್ತಾರೆ. ಹೆಪ್ಪಾದುದನ್ನು ತೂತಿನ ಅಚ್ಚುಗಳಿಗೆ ಮೆಲ್ಲನೆ ತುಂಬಿ ನೀರು ಬಸಿದು ಉಪ್ಪು ಹಚ್ಚುತ್ತಾರೆ. ಎಳೆಯದಾಗಿ ತಿಂದರೆ ಗಟ್ಟಿ ಮೊಸರಿನ ಹುಳಿ. ವಾರಗಟ್ಟಲೆ ಹಣ್ಣಾಗಲು ಬಿಟ್ಟರೆ ಖಾರವಾದ, ಗಾಢವಾದ ರುಚಿ. ಆಡು ತನ್ನ ಮೇವಿನ ಹಳದಿ ಬಣ್ಣದ ಅಂಶವನ್ನು ‘ಎ’ ಜೀವಸತ್ವವಾಗಿ ಮಾರ್ಪಡಿಸಿಕೊಳ್ಳುವುದರಿಂದ ಈ ಚೀಸು ಅಚ್ಚ ಬಿಳಿ.

ಇನ್ನು ಪುಷ್ಟಿಯ ಲೆಕ್ಕ. ಮೆದುವಾದ ಆಡಿನ ಚೀಸು 100 ಗ್ರಾಂ ತೆಗೆದುಕೊಂಡರೆ ಅದರಲ್ಲಿ ಸುಮಾರು 18 ಗ್ರಾಂ ಪ್ರೋಟೀನು, 21 ಗ್ರಾಂ ಕೊಬ್ಬು, 260 ಕ್ಯಾಲೊರಿ, 140 ಮಿಲಿಗ್ರಾಂ ಸುಣ್ಣದ ಅಂಶ ಇರುತ್ತವೆ. ಒಣಗಿಸಿದ ಗಟ್ಟಿ ಚೀಸಿನಲ್ಲಿ ಸುಣ್ಣದ ಅಂಶ 900 ಮಿಲಿಗ್ರಾಂ ಸನಿಹಕ್ಕೆ ಏರುತ್ತದೆ. ಯಾರೂ ಒಮ್ಮೆಗೆ 100 ಗ್ರಾಂ ತಿನ್ನಬೇಕಿಲ್ಲ. ಮೆದುವಾದ ಚೀಸಿನ 30 ಗ್ರಾಂ ತುಂಡಿನಲ್ಲಿ ಸುಮಾರು ಐದೂವರೆ ಗ್ರಾಂ ಪ್ರೋಟೀನು ಸಿಗುತ್ತದೆ. ಒಂದು ಕೋಳಿಮೊಟ್ಟೆಯಲ್ಲಿರುವುದು ಹೆಚ್ಚುಕಡಿಮೆ ಅಷ್ಟೇ. ಆಡಿನ ಹಾಲಿನ ಕೊಬ್ಬಿನ ಕಣಗಳು ಸಣ್ಣವು. ಹಾಲಿನ ಸಕ್ಕರೆಯ ಬಹುಭಾಗ ನೀರಿನೊಡನೆ ಬಸಿದುಹೋಗುವುದರಿಂದ, ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವ ಅನೇಕರಿಗೆ ಸ್ವಲ್ಪ ಚೀಸು ಸಹಿಸುತ್ತದೆ.

ಗುಣವನ್ನು ಹೇಳಿದ ಮೇಲೆ ಎಚ್ಚರವನ್ನೂ ಹೇಳಬೇಕು. ಆಡಿನ ಹಾಲು ಡೆಂಗ್ಯೂವಿಗೆ ಮದ್ದೆಂಬುದಕ್ಕೆ ಆಧಾರವಿಲ್ಲ; ಜ್ವರ ಬಂದವನನ್ನು ಮೊದಲು ವೈದ್ಯರ ಬಳಿಗೆ ಒಯ್ಯಬೇಕು. ಹಸಿ ಹಾಲನ್ನಂತೂ ಕುಡಿಯಲೇಬಾರದು. ಮಾಲ್ಟಾ ದ್ವೀಪದಲ್ಲಿ ಬ್ರಿಟಿಷ್ ಸೈನಿಕರನ್ನು ಕಾಡುತ್ತಿದ್ದ ಜ್ವರದ ರೋಗಾಣುವನ್ನು ಡೇವಿಡ್ ಬ್ರೂಸ್ 1887ರಲ್ಲಿ ಕಂಡುಹಿಡಿದನು. ಅದು ಆಡುಗಳಿಂದ ಬರುತ್ತದೆಂದು ಥೆಮಿಸ್ಟೊಕ್ಲಿಸ್ ಝಮ್ಮಿಟ್ 1905ರಲ್ಲಿ ತೋರಿಸಿದನು. ಸೈನಿಕರಿಗೆ ಆಡಿನ ಹಾಲು ಕೊಡುವುದನ್ನು ನಿಲ್ಲಿಸಿದೊಡನೆ ಜ್ವರ ಇಳಿಮುಖವಾಯಿತು. ಬ್ರೂಸೆಲ್ಲಾ ಎಂಬ ಆ ರೋಗಾಣು ಇಂದಿಗೂ ನಮ್ಮ ದೇಶದ ಆಡುಗಳಲ್ಲಿ ಉಂಟು. ಹಸುವಿನ ಹಾಲಿನ ಪ್ರೋಟೀನು ಒಗ್ಗದವರಿಗೆ ಆಡಿನದೂ ಸಾಮಾನ್ಯವಾಗಿ ಒಗ್ಗದು. ರಕ್ತದೊತ್ತಡವಿರುವವರು ಚೀಸಿನ ಉಪ್ಪನ್ನು ಮರೆಯಬಾರದು. ಕೆಲವು ಚೀಸುಗಳಲ್ಲಿ ಮರಿಗಳ ಜಠರದಿಂದ ತೆಗೆದ ರೆನೆಟ್ ಇರುವುದುಂಟು. ಸಸ್ಯಾಹಾರಿಗಳು ಪೊಟ್ಟಣದ ಮೇಲಿನ ಹಸಿರು ಗುರುತನ್ನು ನೋಡಿ ಕೊಳ್ಳಬೇಕು.

“ಅಂಗಡಿಯ ಚೀಸಿನ ಬೆಲೆ ನಮಗೆ ನಿಲುಕುವುದೇ?” ಎಂದು ವಾಚಕರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆಡು ಸಾಕುವವರಿಂದ ಹಾಲು ದೊರೆಯುವಲ್ಲಿ ಕೋಣೆಯಲ್ಲೇ ಮಾಡಿಕೊಳ್ಳಬಹುದು. ಒಂದು ಲೀಟರ್ ಹಾಲನ್ನು ಚೆನ್ನಾಗಿ ಕುದಿಸಿ ಇಳಿಸಿ, ಐದು ನಿಮಿಷ ಬಿಟ್ಟು, ಎರಡು ಮೂರು ದೊಡ್ಡ ಚಮಚ ನಿಂಬೆಯ ರಸವನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸಿರಿ. ಹೆಚ್ಚು ಕಲಕಬೇಡಿರಿ, ಆಡಿನ ಹಾಲಿನ ಒಡಕು ಬಹಳ ಮೃದು. ಹತ್ತು ನಿಮಿಷದ ಮೇಲೆ ತೊಳೆದು ಕುದಿಸಿದ ಹಳೆಯ ಪಂಚೆಯ ಬಟ್ಟೆಯಲ್ಲಿ ಸೋಸಿ, ಉಪ್ಪು ಬೆರೆಸಿ, ಒಂದೆರಡು ಗಂಟೆ ತೂಗುಹಾಕಿರಿ. ಇದು ಫ್ರಾನ್ಸಿನ ಶೆವ್ರ್ ಅಲ್ಲ, ಪನೀರಿನ ತಂಗಿ. ಆದರೂ ಪುಷ್ಟಿಯಲ್ಲಿ ಕಡಿಮೆಯಲ್ಲ. ಫ್ರಿಜ್ ಇಲ್ಲದವರು ಅದೇ ದಿನ ತಿಂದು ಮುಗಿಸಬೇಕು. ಬಸಿದ ನೀರನ್ನು ಚೆಲ್ಲದೆ ಚಪಾತಿಯ ಹಿಟ್ಟಿಗೆ ಬಳಸಿರಿ.

ತಿನ್ನುವ ಬಗೆಯೋ, ನಮ್ಮ ತಟ್ಟೆಗೆ ಅದು ಚೆನ್ನಾಗಿ ಹೊಂದುತ್ತದೆ. ಬಿಸಿ ಜೋಳದ ರೊಟ್ಟಿಯ ಮೇಲೆ ಪುಡಿಮಾಡಿ ಉದುರಿಸಿ ಶೇಂಗಾ ಚಟ್ನಿಪುಡಿಯೊಡನೆ ತಿನ್ನಿರಿ. ಅಕ್ಕಿರೊಟ್ಟಿಗೆ ಸವರಿ ಕರಿಮೆಣಸು ಚಿಮುಕಿಸಿರಿ. ಬೀಟ್‌ರೂಟಿನ ಪಲ್ಯಕ್ಕೆ, ಒಲೆಯಿಂದ ಇಳಿಸಿದ ಮೇಲೆ, ಒಂದು ಹಿಡಿ ಸೇರಿಸಿದರೆ ಸಿಹಿಗೂ ಹುಳಿಗೂ ಜೊತೆ ಕೂಡುತ್ತದೆ. ಪುರಂದರದ ಅಂಜೂರ ಬರುವ ಕಾಲದಲ್ಲಿ ಪುಣೆಯವರು ಒಂದು ಹಣ್ಣು, ಒಂದು ಚಿಟಿಕೆ ಚೀಸು, ಒಂದು ತೊಟ್ಟು ಜೇನು ಸೇರಿಸಿ ನೋಡಲಿ. ಫ್ರಿಜ್‌ನಿಂದ ತೆಗೆದೊಡನೆ ತಿನ್ನದೆ ಅರ್ಧ ಗಂಟೆ ಹೊರಗಿಟ್ಟರೆ ರುಚಿ ಬಿಚ್ಚಿಕೊಳ್ಳುತ್ತದೆ.

ಧಣಿಗಳಾದ ನಮ್ಮ ಹಳೆಯ ಬಂಧುಗಳಿಗೂ ಒಂದು ಮಾತು. ಮುಂಜಾವಿನ ನಾಲ್ಕಕ್ಕೆ ಏಳುವ ಹುಡುಗನ ಪಾಲಿಗೆ ರಾತ್ರಿ ಉಳಿಯುವುದು ತಿಳಿಸಾರು, ಅನ್ನ ಮಾತ್ರವಾದರೆ, ಅವನು ಕಾಯಿಲೆ ಬಿದ್ದ ದಿನ ನಾವು ಕೊಡುವ ಹಾಲು ಉಪಕಾರವೆನಿಸದು. ಆಡಿನ ಚೀಸು ಆಗದಿದ್ದರೆ ಪನೀರು ಆಗಲಿ, ಕಡಲೆ, ಹೆಸರುಕಾಳು, ಗಟ್ಟಿ ಮೊಸರು ಆಗಲಿ. ದಿನಕ್ಕೊಂದು ಪುಷ್ಟಿಯ ಪದಾರ್ಥ ಅವನ ತಟ್ಟೆಯಲ್ಲಿರಲಿ. ಹತ್ತು ವರ್ಷ ಗಲ್ಲೆಯ ಮೇಲೆ ಕುಳಿತಿದ್ದಾಗ ನಾವು ಮಾಡದ ಕೆಲಸವಿದು. ಆದುದರಿಂದಲೇ ಇಂದು ಬರೆಯುತ್ತಿದ್ದೇವೆ.